ಪುಣ್ಯಕೋಟಿ ಯಾಕೆ ವಾಪಸ್ ಹೋದಳು? ದೇವರು, ನೀತಿ, ಬುದ್ಧಿ ಕುರಿತು ಎರಡು ಗಂಟೆಯ ಚರ್ಚೆ ನಡೆಸುವ ಬಗೆ

ನೀತಿಗೆ ದೇವರು ಬೇಕೇ, ಬುದ್ಧಿಯೊಂದೇ ಸಾಕೇ ಎಂಬ ಪ್ರಶ್ನೆ ಎತ್ತಿದ ಹತ್ತು ನಿಮಿಷಕ್ಕೆಲ್ಲ ಕೂಟ ಎರಡು ಹೋಳಾಗುತ್ತದೆ. ಒಂದು ಕಡೆಯವರು ‘ದೇವರ ಭಯ ಹೋಯಿತು, ಲೋಕ ಕೆಟ್ಟಿತು’ ಅನ್ನುತ್ತಾರೆ. ಇನ್ನೊಂದು ಕಡೆಯವರು ದೇವರ ಹೆಸರಿನಲ್ಲಿ ಹರಿದ ರಕ್ತದ ಲೆಕ್ಕ ಒಪ್ಪಿಸುತ್ತಾರೆ. ಗಮನಿಸಿ ನೋಡಿ: ಮೊದಲನೆಯವರು ಮಾತಾಡುತ್ತಿರುವುದು ಜನ ಯಾಕೆ ನೆಟ್ಟಗಿರುತ್ತಾರೆ ಎಂಬುದರ ಬಗ್ಗೆ, ಎರಡನೆಯವರು ಮಾತಾಡುತ್ತಿರುವುದು ಮತಗಳ ಚರಿತ್ರೆಯ ಬಗ್ಗೆ. ನೀತಿ ಯಾವುದರ ಮೇಲೆ ನಿಂತಿದೆ ಎಂಬ ಪ್ರಶ್ನೆಯನ್ನು ಇಬ್ಬರೂ ಮುಟ್ಟಿಲ್ಲ. ಕಾಲೇಜಿನಲ್ಲೋ ಗ್ರಂಥಾಲಯದಲ್ಲೋ ಓದುಗರ ಬಳಗದಲ್ಲೋ ಈ ಚರ್ಚೆಯನ್ನು ಇನ್ನೊಂದಿಷ್ಟು ಆಳಕ್ಕೆ ಒಯ್ಯಬೇಕೆಂದರೆ ಪ್ರಶ್ನೆಯನ್ನು ಮೊದಲು ಬಿಡಿಸಿಡಬೇಕು. ಅದಕ್ಕೊಂದು ಕ್ರಮ ಇಲ್ಲಿದೆ.

ಸಿದ್ಧತೆ

ಜನ 12ರಿಂದ 16 ಇರಲಿ. ಎಂಟಕ್ಕಿಂತ ಕಡಿಮೆಯಾದರೆ ಇಬ್ಬರು ಮಾತುಗಾರರು ಇಡೀ ಹೊತ್ತನ್ನು ನುಂಗುತ್ತಾರೆ. ಇಪ್ಪತ್ತು ದಾಟಿತೋ, ಓದು, ವಿವರಣೆ ಕಳೆದು ಉಳಿಯುವ 90 ನಿಮಿಷದಲ್ಲಿ ಒಬ್ಬೊಬ್ಬರ ಪಾಲಿಗೆ ನಾಲ್ಕೂವರೆ ನಿಮಿಷವೂ ಬರುವುದಿಲ್ಲ, ಅದು ಭಾಷಣವಾಗುತ್ತದೆ. ಸುತ್ತಾಗಿ ಕೂರಿಸಿ. ಒಂದು ಕರಿಹಲಗೆ, ತಲೆಗೆರಡು ಚೀಟಿ, ಒಂದು ಡಬ್ಬಿ, ಗಡಿಯಾರ ನೋಡಲು ಒಬ್ಬರು. ಜೊತೆಗೆ ಎಲ್ಲರಿಗೂ ಒಂದೊಂದು ಹಾಳೆ. ಅದರಲ್ಲಿ ಗೋವಿನ ಹಾಡಿನ ಕೊನೆಯ ಭಾಗ, ಮಹಾಭಾರತದ ಕೌಶಿಕನ ಕಥೆ ಎಂಟು ಸಾಲಿನಲ್ಲಿ, ಬ್ರಹ್ಮಗಿರಿ ಶಾಸನದ ತಾತ್ಪರ್ಯ, ಇಷ್ಟು ಸಾಕು.

ಚರ್ಚಾಸ್ಪರ್ಧೆಯ ಮಾದರಿ ಬೇಡವೇ ಬೇಡ. ‘ಪರ’ ಮತ್ತು ‘ವಿರೋಧ’ ಎಂದು ಹೆಸರು ಬರೆಸಿ, ಮೂರು ನಿಮಿಷಕ್ಕೆ ಎಚ್ಚರಿಕೆಯ ಗಂಟೆ ಬಾರಿಸುವ ಆ ಪದ್ಧತಿಯಲ್ಲಿ ಮಕ್ಕಳು ಮಾತಾಡಲು ಕಲಿಯುತ್ತಾರೆ, ನಿಜ. ಆದರೆ ಪಕ್ಷ ಹಿಡಿದ ಮೇಲೆ ಯಾರೂ ತಮ್ಮ ವಾದದ ತೂತನ್ನು ತಾವೇ ತೋರಿಸುವುದಿಲ್ಲ. ಈ ವಿಷಯದಲ್ಲಿ ಆಗಬೇಕಾದ ಕೆಲಸವೇ ಅದು.

ಬಂದವರು ಕೂರುವ ಮೊದಲೇ ಮೊದಲ ಚೀಟಿ ಕೊಡಿ. ‘ಖಂಡಿತ ತಪ್ಪು ಎಂದು ನೀವು ನಂಬುವ ಒಂದು ಕೆಲಸ ಬರೆಯಿರಿ, ಏಕೆಂದರೆ... ಎಂದು ಒಂದೇ ವಾಕ್ಯದಲ್ಲಿ ಕಾರಣ ಕೊಡಿ.’ ಹೆಸರು ಬೇಡ, ಮೂಲೆಯಲ್ಲಿ ತಮಗೆ ಮಾತ್ರ ತಿಳಿಯುವ ಒಂದು ಗುರುತು ಹಾಕಲಿ. ಚೀಟಿಗಳು ಡಬ್ಬಿಗೆ. ಇವು ಕೊನೆಗೆ ಬೇಕಾಗುತ್ತವೆ.

ನಡೆಸುವವರು ತಮ್ಮ ನಿಲುವನ್ನು ಬಾಯಿಬಿಡಬಾರದು. ಮೇಷ್ಟ್ರು ಆಸ್ತಿಕರೋ ನಾಸ್ತಿಕರೋ ಎಂದು ಗೊತ್ತಾದ ಗಳಿಗೆಯಿಂದ ವಿದ್ಯಾರ್ಥಿಗಳು ಪ್ರಶ್ನೆಗೆ ಉತ್ತರಿಸುವುದನ್ನು ಬಿಟ್ಟು ಮೇಷ್ಟ್ರಿಗೆ ಉತ್ತರಿಸತೊಡಗುತ್ತಾರೆ.

ಮೊದಲ ಹತ್ತು ನಿಮಿಷ: ‘ಧರ್ಮ’ ಎಂಬ ಪದವನ್ನು ಪಕ್ಕಕ್ಕಿಡಿ

ಕನ್ನಡದಲ್ಲಿ ಈ ಚರ್ಚೆ ಹಳ್ಳ ಹಿಡಿಯಲು ಮುಖ್ಯ ಕಾರಣ ಈ ಒಂದು ಪದ. ‘ಹಿಂದೂ ಧರ್ಮ’ ಅಂದಾಗ ಅದು ಮತ. ‘ಅದು ನನ್ನ ಧರ್ಮ’ ಅಂದಾಗ ಕರ್ತವ್ಯ. ‘ಸುಡುವುದು ಬೆಂಕಿಯ ಧರ್ಮ’ ಅಂದಾಗ ಗುಣ. ‘ದಾನಧರ್ಮ’ದಲ್ಲಿ ಪರೋಪಕಾರ, ‘ಧರ್ಮಾಸ್ಪತ್ರೆ’ಯಲ್ಲಿ ಪುಕ್ಕಟೆ. ಕಳ್ಳನಿಗೆ ಬೀಳುವ ‘ಧರ್ಮದೇಟು’ ಕೂಡ ಪುಕ್ಕಟೆಯೇ! ‘ಧರ್ಮವಿಲ್ಲದೆ ನೀತಿ ಉಂಟೇ’ ಎಂದು ಕೇಳಿದರೆ, ಧರ್ಮವೆಂದರೆ ಕರ್ತವ್ಯ ಎಂದುಕೊಂಡವನಿಗೆ ಅದು ‘ನೀತಿಯಿಲ್ಲದೆ ನೀತಿ ಉಂಟೇ’ ಎಂದು ಕೇಳಿಸುತ್ತದೆ. ಇಲ್ಲ ಎಂದಷ್ಟೇ ಅವನು ಉತ್ತರಿಸಲು ಸಾಧ್ಯ. ಅವನು ಗೆದ್ದಂತೆ ಕಾಣುತ್ತದೆ, ಗೆದ್ದಿರುವುದು ನಿಘಂಟು.

ಆದ್ದರಿಂದ ಹಲಗೆಯ ಮೇಲೆ ಮೂರು ಪದ ಬರೆಯಿರಿ: ಮತ, ದೇವರು, ನೀತಿ. ಮುಂದಿನ ಎರಡು ಗಂಟೆ ಇವೇ. ಯಾರ ಬಾಯಲ್ಲಾದರೂ ‘ಧರ್ಮ’ ಬಂದರೆ, ಮೂರರಲ್ಲಿ ಯಾವುದು ಎಂದು ಕೇಳಿ.

ಮತ ಮತ್ತು ದೇವರನ್ನು ಬೇರೆ ಬೇರೆ ಬರೆಯುವುದಕ್ಕೆ ಕಾರಣವಿದೆ. ಜೈನರು ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ, ಆದರೆ ಅವರ ಅಹಿಂಸೆಯ ನಿಯಮ ಬೇರೆಲ್ಲರಿಗಿಂತ ಬಿಗಿ. ಬೌದ್ಧರೂ ನೀತಿಯನ್ನು ಸೃಷ್ಟಿಕರ್ತನ ಆಜ್ಞೆಯ ಮೇಲೆ ನಿಲ್ಲಿಸಲಿಲ್ಲ. ವೇದದ ವಿಧಿಗಳ ಅರ್ಥ ಬಿಡಿಸುವ ಪಂಥದವರಾದ ಪೂರ್ವಮೀಮಾಂಸಕರಂತೂ ಇನ್ನೂ ವಿಚಿತ್ರ: ಏನು ಮಾಡಬೇಕೆಂದು ತಿಳಿಯುವುದು ವೇದದಿಂದ ಮಾತ್ರ ಎನ್ನುತ್ತಾರೆ, ಆ ವೇದವನ್ನು ದೇವರು ಬರೆದ ಎನ್ನುವುದನ್ನು ಒಪ್ಪುವುದಿಲ್ಲ. ‘ದೇವರಿಲ್ಲದ ನೀತಿ’ ಎಂದೊಡನೆ ಪಶ್ಚಿಮದ ವಿಚಾರವಾದ ನೆನಪಾಗುವವರಿಗೆ ಇಷ್ಟು ಹೇಳಿದರೆ ಸಾಕು.

ಮುಂದಿನ 25 ನಿಮಿಷ: ಪುಣ್ಯಕೋಟಿ

ಹಾಡನ್ನು ಯಾರಾದರೂ ಗಟ್ಟಿಯಾಗಿ ಓದಲಿ; ಹಾಡಲು ಬಂದರೆ ಇನ್ನೂ ಒಳ್ಳೆಯದು. ಕರುವಿಗೆ ಹಾಲೂಡಿಸಿ ಬರುತ್ತೇನೆ ಎಂದು ಹುಲಿಗೆ ಮಾತು ಕೊಟ್ಟ ಹಸು ವಾಪಸ್ ಹೋಗುತ್ತದೆ. ಸತ್ಯವೇ ತಾಯಿ ತಂದೆ, ಸತ್ಯವೇ ಬಂಧು ಬಳಗ ಎನ್ನುತ್ತದೆ. ಮಾತಿಗೆ ತಪ್ಪಿದರೆ ‘ಮೆಚ್ಚನಾ ಪರಮಾತ್ಮನು’ ಎಂದೂ ಸೇರಿಸುತ್ತದೆ.

ಈಗ ಕೇಳಿ: ಕೊನೆಯ ಆ ಸಾಲನ್ನು ಅಳಿಸಿಬಿಡೋಣ. ಪುಣ್ಯಕೋಟಿ ಹೋಗುತ್ತಾಳೋ ಇಲ್ಲವೋ? ಎರಡು ನಿಮಿಷ ಯಾರೂ ಮಾತಾಡದೆ ಯೋಚಿಸಲಿ, ಆಮೇಲೆ ಕೈಯೆತ್ತಲಿ. ಹೋಗುತ್ತಾಳೆ ಎಂದವರನ್ನು ‘ಹಾಗಾದರೆ ಆ ಸಾಲು ಯಾಕಿದೆ’ ಎಂದು ಕೇಳಿ. ಇಲ್ಲ ಎಂದವರನ್ನು ‘ಹಾಗಾದರೆ ಅವಳು ಸತ್ಯವಂತಳೋ, ಹೆದರಿದವಳೋ’ ಎಂದು ಕೇಳಿ. ಎರಡೂ ಪ್ರಶ್ನೆಗಳಿಗೆ ಸುಲಭದ ಉತ್ತರವಿಲ್ಲ. ಚರ್ಚೆ ನಿಜವಾಗಿ ಶುರುವಾಗುವುದು ಇಲ್ಲಿ.

ಆಮೇಲೆ ಪ್ರಶ್ನೆಯನ್ನು ತಿರುಗಿಸಿ: ಪರಮಾತ್ಮ ಮೆಚ್ಚುವುದರಿಂದ ಸತ್ಯ ಒಳ್ಳೆಯದಾಯಿತೋ, ಸತ್ಯ ಒಳ್ಳೆಯದಾದ್ದರಿಂದ ಪರಮಾತ್ಮ ಮೆಚ್ಚುತ್ತಾನೋ? ಪ್ಲೇಟೋನ ಯೂಥಿಫ್ರೋ ಸಂವಾದದಲ್ಲಿ ಸಾಕ್ರಟೀಸ್ ಕೇಳುವುದು ಇದನ್ನೇ. ಕೂಲಿಯಾಳೊಬ್ಬನನ್ನು ಕಟ್ಟಿಹಾಕಿ ಸಾಯಲು ಬಿಟ್ಟ ಸ್ವಂತ ತಂದೆಯ ಮೇಲೆಯೇ ಕೊಲೆ ಮೊಕದ್ದಮೆ ಹೂಡಲು ಯೂಥಿಫ್ರೋ ಹೊರಟಿದ್ದಾನೆ; ದೇವತೆಗಳಿಗೆ ಯಾವುದು ಇಷ್ಟ ಎಂಬುದು ತನಗೆ ಖಚಿತವಾಗಿ ಗೊತ್ತು ಎನ್ನುತ್ತಾನೆ. ಸಾಕ್ರಟೀಸ್ ಹೊರಟಿರುವುದು ತನ್ನದೇ ಮೊಕದ್ದಮೆಗೆ. ಕ್ರಿ.ಪೂ. 399ರಲ್ಲಿ ಅವನಿಗೆ ವಿಷ ಕುಡಿಸಿದ್ದು ಅದೇ ಮೊಕದ್ದಮೆ, ಆರೋಪಗಳಲ್ಲಿ ಒಂದು ದೈವನಿಂದೆ.

ಮೊದಲನೆಯದೇ ಸರಿ ಎಂದರೆ, ಪರಮಾತ್ಮ ನಾಳೆ ಸುಳ್ಳನ್ನು ಮೆಚ್ಚಿದರೆ ಸುಳ್ಳೇ ಒಳ್ಳೆಯದಾಗಬೇಕು. ‘ಅವನು ಹಾಗೆ ಮೆಚ್ಚುವವನಲ್ಲ’ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಹೇಳಿದ ತಕ್ಷಣ ಒಳ್ಳೆಯದನ್ನು ಅಳೆಯುವ ಕೋಲು ಮೆಚ್ಚುಗೆಗಿಂತ ಹೊರಗೆ ಇದೆ ಎಂದು ಒಪ್ಪಿದಂತಾಯಿತು. ಎರಡನೆಯದು ಸರಿ ಎಂದರೆ, ಒಳ್ಳೆಯದು ದೇವರಿಗಿಂತ ಮೊದಲೇ ಅಲ್ಲಿದೆ, ದೇವರು ಅದನ್ನು ಗುರುತಿಸುತ್ತಾನೆ ಅಷ್ಟೇ.

ನಡೆಸುವವರು ಬಹಳ ಎಡವುವುದು ಇಲ್ಲಿಯೇ. ಆಸ್ತಿಕರು ಸುಮ್ಮನಾದರೆಂದು ಮುಂದಕ್ಕೆ ಹೋಗಬೇಡಿ. ಅವರ ಕಡೆಯ ಗಟ್ಟಿ ಉತ್ತರ ಬೇರೆ ಇದೆ: ಒಳ್ಳೆಯತನ ದೇವರ ಹೊರಗಿನದೂ ಅಲ್ಲ, ಅವನ ಮರ್ಜಿಯೂ ಅಲ್ಲ, ಅವನ ಸ್ವಭಾವವೇ ಅದು, ಬೆಂಕಿ ಬಿಸಿಯನ್ನು ಆರಿಸಿಕೊಳ್ಳುವುದಿಲ್ಲವಲ್ಲ, ಹಾಗೆ. ಯಾರೂ ಹೇಳದಿದ್ದರೆ ನೀವೇ ಹೇಳಿ. ಇದರಿಂದ ತೊಡಕು ಪೂರ್ತಿ ಬಗೆಹರಿಯುತ್ತದೆಯೇ ಎಂಬುದು ವಾದದ ವಿಷಯ (ಸ್ವಭಾವ ‘ಒಳ್ಳೆಯದು’ ಎಂದು ನಮಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಉಳಿಯುತ್ತದೆ), ಆದರೆ ಎದುರು ಪಕ್ಷದ ದುರ್ಬಲ ಉತ್ತರವನ್ನು ಸೋಲಿಸಿದ್ದು ಗೆಲುವಲ್ಲ.

ಸಮಯ ಉಳಿದರೆ ಹುಲಿಯ ಕಡೆಗೆ ಬನ್ನಿ. ಹಸುವಿನ ಬಗ್ಗೆಯೇ ಎಲ್ಲರೂ ಮಾತಾಡುತ್ತಾರೆ. ನೀತಿಶಾಸ್ತ್ರದ ದೃಷ್ಟಿಯಿಂದ ಹೆಚ್ಚು ಸ್ವಾರಸ್ಯ ಇರುವುದು ಹುಲಿಯಲ್ಲಿ. ಸಾಯುವ ಮುಂಚೆ ಅದು ಮೂರು ಕಾರಣ ಕೊಡುತ್ತದೆ. ಇವಳನ್ನು ತಿಂದರೆ ಪರಮಾತ್ಮ ಮೆಚ್ಚುವುದಿಲ್ಲ. ಇವಳು ನನ್ನ ಒಡಹುಟ್ಟಿದ ಅಕ್ಕನಂತೆ. ಕೊಂದು ನಾನು ಪಡೆಯುವುದಾದರೂ ಏನು. ದೇವರು, ಕರುಳು, ಲೆಕ್ಕ: ಮೂರೂ ಎರಡು ಸಾಲಿನಲ್ಲಿವೆ. ಮೂರರಲ್ಲಿ ಯಾವುದೊಂದು ಇದ್ದಿದ್ದರೂ ಸಾಕಿತ್ತೇ ಎಂದು ಕೇಳಿ.

30 ನಿಮಿಷ: ಒಂದು ಪ್ರಶ್ನೆಯನ್ನು ನಾಲ್ಕು ಮಾಡಿ

ಇಡೀ ಎರಡು ಗಂಟೆಯಲ್ಲಿ ಬಿಡಲೇಬಾರದ ಭಾಗ ಇದು. ಹಲಗೆಯ ಮೇಲೆ ನಾಲ್ಕು ಅಂಕಣ ಎಳೆಯಿರಿ.

ಎಲ್ಲಿಂದ ಬಂತು?
ಹೇಗೆ ತಿಳಿಯಿತು?
ಪಾಲಿಸುವಂತೆ ಮಾಡುವುದು ಯಾವುದು?
ಸರಿ ಎಂದು ಮಾಡುವುದು ಯಾವುದು?

ಈವರೆಗೆ ಬಂದ ಮಾತುಗಳನ್ನೆಲ್ಲ ಈ ಅಂಕಣಗಳಿಗೆ ಹಂಚಿ. ‘ಅಜ್ಜಿ ಹೇಳಿದ ಕಥೆಯಿಂದ ಕಲಿತದ್ದು’ ಮೊದಲನೆಯದಕ್ಕೆ. ‘ಶಾಸ್ತ್ರದಲ್ಲಿದೆ’, ‘ಮನಸ್ಸಾಕ್ಷಿ ಹೇಳುತ್ತದೆ’ ಎರಡನೆಯದಕ್ಕೆ. ‘ನರಕದ ಭಯ’, ‘ಪೊಲೀಸರ ಭಯ’, ‘ನಾಲ್ಕು ಜನ ಏನಂದಾರು’ ಮೂರನೆಯದಕ್ಕೆ. ‘ಇನ್ನೊಬ್ಬರಿಗೆ ನೋವಾಗುತ್ತದೆ’ ನಾಲ್ಕನೆಯದಕ್ಕೆ. ಹಂಚುತ್ತ ಹೋದಂತೆ ಒಂದು ಸಂಗತಿ ತಾನಾಗಿ ಕಾಣುತ್ತದೆ: ಮೂರನೆಯ ಅಂಕಣ ತುಂಬಿ ಚೆಲ್ಲುತ್ತಿರುತ್ತದೆ, ನಾಲ್ಕನೆಯದು ಹೆಚ್ಚುಕಡಿಮೆ ಖಾಲಿ. ‘ದೇವರ ಭಯವಿಲ್ಲದಿದ್ದರೆ ಜನ ಕದಿಯುತ್ತಾರೆ’ ಎಂಬ ಮಾತು ನಿಜವೇ ಆಗಿದ್ದರೂ, ಕಳ್ಳತನ ಯಾಕೆ ತಪ್ಪು ಎಂದು ಅದು ಹೇಳುವುದಿಲ್ಲ. ಕ್ಯಾಮೆರಾ ಇಟ್ಟರೂ ಕಳ್ಳತನ ಕಡಿಮೆಯಾಗುತ್ತದೆ. ಕ್ಯಾಮೆರಾದಿಂದ ಕಳ್ಳತನ ತಪ್ಪಾಯಿತು ಎಂದು ಯಾರೂ ಹೇಳುವುದಿಲ್ಲ.

ಇದೇ ಕತ್ತರಿ ಇನ್ನೊಂದು ಕಡೆಗೂ ಆಡುತ್ತದೆ. ‘ಪರೋಪಕಾರ ವಿಕಾಸದಿಂದ ಬಂತು, ಕೋತಿಗಳಲ್ಲೂ ಇದೆ’ ಎಂಬ ವಾದ ಮೊದಲ ಅಂಕಣದ್ದು. ಅದರಿಂದ ನೀತಿಗೆ ದೇವರು ಬೇಡ ಎಂದು ಸಾಬೀತಾಗುವುದಿಲ್ಲ. ಹೊಟ್ಟೆಕಿಚ್ಚು, ಹೊರಗಿನವರ ಮೇಲಿನ ದ್ವೇಷ ಕೂಡ ಅದೇ ದಾರಿಯಲ್ಲಿ ಬಂದಿರಬಹುದು, ಬಂದದ್ದೆಲ್ಲ ಸರಿಯಲ್ಲ. ‘ಹೀಗಿದೆ’ ಎಂಬ ಮಾತಿನಿಂದ ‘ಹೀಗಿರಬೇಕು’ ಎಂಬ ಮಾತಿಗೆ ಜನ ಸದ್ದಿಲ್ಲದೆ ಜಾರುತ್ತಾರೆ ಎಂದು ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1740ರಲ್ಲೇ ಎಚ್ಚರಿಸಿದ್ದ. ಬುದ್ಧಿ ಬೀಸುವ ಕಲ್ಲಿನಂತೆ. ಹಾಕಿದ್ದನ್ನು ನುಣ್ಣಗೆ ಮಾಡುತ್ತದೆ, ಕಾಳು ಬೇರೆ ಕಡೆಯಿಂದ ಬರಬೇಕು. ‘ನೋವು ಕೆಟ್ಟದ್ದು’, ‘ಅವನ ನೋವೂ ನನ್ನ ನೋವಿನಷ್ಟೇ ಲೆಕ್ಕಕ್ಕೆ ಬರಬೇಕು’ ಎಂಬ ಕಾಳುಗಳನ್ನು ಯಾರು ಕೊಟ್ಟರು ಎಂದು ವಿಚಾರವಾದಿಗಳನ್ನು ಕೇಳಿ. ಆಸ್ತಿಕರಿಗೆ ಯೂಥಿಫ್ರೋ ಎಷ್ಟು ಕಷ್ಟವೋ, ಇದು ಇವರಿಗೆ ಅಷ್ಟೇ ಕಷ್ಟ. ಜರ್ಮನ್ ತತ್ವಜ್ಞಾನಿ ಕಾಂಟನಂಥವರು ಆ ಕಾಳೂ ಬುದ್ಧಿಯಲ್ಲೇ ಇದೆ ಎಂದು ವಾದಿಸಿದರು: ನೀನು ಅನುಸರಿಸುವ ನಿಯಮವನ್ನು ಎಲ್ಲರೂ ಅನುಸರಿಸಲಿ ಎಂದು ನೀನು ಬಯಸಬಲ್ಲೆಯಾ, ಇಲ್ಲದಿದ್ದರೆ ಅದು ತಪ್ಪು. ತೀರಿಸುವ ಮನಸ್ಸಿಲ್ಲದೆ ಸಾಲ ಕೇಳುವವನ ಉದಾಹರಣೆ ಅವನದೇ, 1785ರದು. ಎಲ್ಲರೂ ಹಾಗೆ ಮಾಡಿದರೆ ಮಾತು ಕೊಡುವುದಕ್ಕೇ ಅರ್ಥ ಉಳಿಯದು.

ಅಭ್ಯಾಸಕ್ಕೆ ಹಾಳೆಯ ಮೇಲಿನ ಬ್ರಹ್ಮಗಿರಿ ಶಾಸನ ಓದಿಸಿ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಈ ಅಶೋಕನ ಶಾಸನದ ಎರಡನೆಯ ಭಾಗ ತಂದೆತಾಯಿಯ ಮಾತು ಕೇಳು, ಜೀವಿಗಳ ಮೇಲೆ ದಯೆ ಗಟ್ಟಿಯಾಗಿರಲಿ, ಸತ್ಯ ಹೇಳು, ಶಿಷ್ಯ ಗುರುವನ್ನು ಗೌರವಿಸಲಿ ಎನ್ನುತ್ತದೆ. ಯಾಕೆ? ಇದು ಪುರಾತನ ನಡವಳಿಕೆ, ಇದರಿಂದ ದೀರ್ಘಾಯುಷ್ಯ. ಎರಡೇ ಕಾರಣ. ಯಾವ ಅಂಕಣಕ್ಕೆ ಯಾವುದು? ಪುರಾತನ ಎಂಬುದು ಒಂದಕ್ಕೆ, ಆಯುಸ್ಸು ಮೂರಕ್ಕೆ ಹೋಗುತ್ತದೆ. ನಾಲ್ಕನೆಯದು ಇಲ್ಲೂ ಖಾಲಿ.

ಇನ್ನು ಬಸವಣ್ಣನವರ ‘ಕಳಬೇಡ ಕೊಲಬೇಡ’ ಎಲ್ಲರಿಗೂ ಬಾಯಿಪಾಠ. ಏಳು ‘ಬೇಡ’ಗಳು, ಕೊನೆಗೆ ಇದೇ ಕೂಡಲಸಂಗಮದೇವರನ್ನು ಒಲಿಸುವ ಪರಿ. ದೇವರು ಹೇಳಿದ್ದರಿಂದ ಕದಿಯಬೇಡ ಎಂದು ಅಲ್ಲಿಲ್ಲ. ಕದಿಯದಿರುವುದರಿಂದ ದೇವರು ಒಲಿಯುತ್ತಾನೆ ಎಂದಿದೆ. ಬಾಣದ ದಿಕ್ಕು ಯಾವ ಕಡೆಗಿದೆ ಎಂದು ಐದು ನಿಮಿಷ ಜಗಳವಾಡಲಿ. ತೀರ್ಪು ಕೊಡಬೇಡಿ.

ಮತ್ತೆ 30 ನಿಮಿಷ: ಕೌಶಿಕ ಮತ್ತು ಕಾಂಟ್

ಮತ ಅಂದರೆ ಕಣ್ಣುಮುಚ್ಚಿ ನಿಯಮ ಪಾಲಿಸುವುದು, ಬುದ್ಧಿ ಅಂದರೆ ಸಂದರ್ಭ ನೋಡಿ ನಡೆಯುವುದು ಎಂಬ ಕಲ್ಪನೆ ಕೂಟದಲ್ಲಿ ಇದ್ದೇ ಇರುತ್ತದೆ. ಅದನ್ನು ಒಡೆಯಲು ಈ ಜೋಡಿಗಿಂತ ಒಳ್ಳೆಯದು ಸಿಗುವುದು ಕಷ್ಟ.

ಮಹಾಭಾರತದ ಕರ್ಣಪರ್ವದಲ್ಲಿ, ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವನ ತಲೆ ಕಡಿಯುವೆನೆಂದು ಪ್ರತಿಜ್ಞೆ ಮಾಡಿದ್ದ ಅರ್ಜುನ, ಹಾಗೆಂದ ಧರ್ಮರಾಯನ ಮೇಲೆಯೇ ಕತ್ತಿ ಎತ್ತುತ್ತಾನೆ. ಕೃಷ್ಣ ತಡೆದು ಕೌಶಿಕನ ಕಥೆ ಹೇಳುತ್ತಾನೆ. ಸದಾ ಸತ್ಯ ಹೇಳುವ ವ್ರತ ಹಿಡಿದ ತಪಸ್ವಿ ಕೌಶಿಕ. ದರೋಡೆಕೋರರಿಗೆ ಹೆದರಿ ಓಡಿದ ಜನ ಎಲ್ಲಿ ಅಡಗಿದ್ದಾರೆಂದು ದರೋಡೆಕೋರರು ಕೇಳಿದಾಗ ಇದ್ದದ್ದನ್ನು ಇದ್ದಂತೆ ಹೇಳಿದ. ಜನ ಸತ್ತರು, ಕೌಶಿಕ ನರಕಕ್ಕೆ ಹೋದ.

ಕಾಂಟ್ 1797ರಲ್ಲಿ ಬರೆದ ಪುಟ್ಟ ಪ್ರಬಂಧದಲ್ಲಿ ಇದೇ ಸಂದರ್ಭವಿದೆ. ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಗೆಳೆಯ ಒಳಗಿದ್ದಾನಾ ಎಂದು ಕೇಳಿದರೆ ಸುಳ್ಳು ಹೇಳಬಹುದೇ? ಕೂಡದು ಎಂದ ಕಾಂಟ್.

ಇತಿಹಾಸ–ಪುರಾಣದ ಕೃಷ್ಣ ಫಲ ನೋಡು ಎನ್ನುತ್ತಾನೆ. ಬುದ್ಧಿಯ ಮೇಲೆಯೇ ನೀತಿಯನ್ನು ಕಟ್ಟಲು ಹೊರಟ ಜರ್ಮನ್ ಪ್ರೊಫೆಸರ್ ನಿಯಮ ಬಿಡಬೇಡ ಎನ್ನುತ್ತಾನೆ. ಕೂಟವನ್ನು ನಾಲ್ಕು ಗುಂಪು ಮಾಡಿ. ಎರಡು ಗುಂಪು ಕೌಶಿಕನ ಪರ ವಕಾಲತ್ತು ವಹಿಸಲಿ, ಎರಡು ಗುಂಪು ಅವನನ್ನು ನರಕಕ್ಕೆ ಕಳಿಸಿದ್ದನ್ನು ಸಮರ್ಥಿಸಲಿ. ಹತ್ತು ನಿಮಿಷ ಗುಂಪಿನೊಳಗೆ, ಉಳಿದದ್ದು ಎಲ್ಲರೆದುರು. ಒಂದೇ ಷರತ್ತು: ಆಸ್ತಿಕರು ದೇವರ ಹೆಸರೆತ್ತದೆ ವಾದಿಸಬೇಕು, ನಾಸ್ತಿಕರು ಶ್ರದ್ಧಾವಂತನೊಬ್ಬ ಒಪ್ಪುವಂಥ ಕಾರಣ ಕೊಡಬೇಕು.

ಸಾಮಾನ್ಯವಾಗಿ ಇಲ್ಲಿ ಯಾರಾದರೂ ‘ಸುಮ್ಮನಿದ್ದರಾಯಿತಲ್ಲ’ ಎನ್ನುತ್ತಾರೆ. ಜಾಣ ಉತ್ತರ. ಆದರೆ ಮೌನವೇ ಉತ್ತರವಾಗಿ ಸಿಕ್ಕಿಬೀಳುವ ಸಂದರ್ಭ ಎಂದು ಬದಲಿಸಿ, ಮತ್ತೆ ಕೇಳಿ. ತಪ್ಪಿಸಿಕೊಳ್ಳುವ ಕಿಂಡಿಗಳನ್ನು ಒಂದೊಂದಾಗಿ ಮುಚ್ಚಿದರೆ ಮಾತ್ರ ಯಾರು ಯಾವ ತತ್ವಕ್ಕೆ ಅಂಟಿಕೊಂಡಿದ್ದಾರೆ ಎಂದು ತಿಳಿಯುತ್ತದೆ.

ಹಳಿ ತಪ್ಪುವ ಜಾಗಗಳು

ರಕ್ತದ ಲೆಕ್ಕ. ಒಬ್ಬರು ಕ್ರೈಸ್ತರ ಮತಯುದ್ಧವಾದ ಕ್ರುಸೇಡ್ ಎಂದರೆ ಇನ್ನೊಬ್ಬರು ನಾಸ್ತಿಕ ಸರ್ವಾಧಿಕಾರಿ ಸ್ಟಾಲಿನ್ ಎನ್ನುತ್ತಾರೆ. ಹೆಣ ಎಣಿಸಿ ಯಾರು ಗೆದ್ದರೂ ಅದು ಮೂರನೆಯ ಅಂಕಣದ ಮಾತು. ಅಲ್ಲಿಗೆ ಬರೆದು, ಗೆರೆ ಎಳೆದು, ಮುಂದಕ್ಕೆ ಹೋಗಿ.

‘ಎಲ್ಲ ಅವರವರ ಭಾವಕ್ಕೆ.’ ಚರ್ಚೆ ಬಿಸಿಯಾದಾಗ ತಣ್ಣೀರು ಎರಚಲು ಹೇಳುವ ಮಾತು. ಹೇಳಿದವರ ಮೊದಲ ಚೀಟಿಯನ್ನು ನೆನಪಿಸಿ: ಅಲ್ಲಿ ‘ಖಂಡಿತ ತಪ್ಪು’ ಎಂದು ಏನೋ ಬರೆದಿದ್ದಾರೆ.

ಮನಸ್ಸು ನೋಯುವುದು. ವಾದದ ಬಗ್ಗೆ ಮಾತಾಡಿ, ಸಮುದಾಯದ ಬಗ್ಗೆ ಬೇಡ ಎಂದು ಮೊದಲೇ ಹೇಳಿಬಿಡಿ. ‘ಈ ವಾದದಲ್ಲಿ ಹುರುಳಿಲ್ಲ’ ಎನ್ನಬಹುದು, ‘ಆ ಜನವೇ ಹಾಗೆ’ ಎನ್ನಬಾರದು. ಒಂದು ವರ್ಗದ ಮತಭಾವನೆಯನ್ನು ಬೇಕೆಂದೇ ದುರುದ್ದೇಶದಿಂದ ಕೆರಳಿಸುವುದು ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಿನಡಿ ಅಪರಾಧ. ಹಿಂದೆ ಅದೇ ದಂಡ ಸಂಹಿತೆಯ 295ಎ ಆಗಿತ್ತು. ಪ್ರಾಮಾಣಿಕ ಚರ್ಚೆ ದುರುದ್ದೇಶವಲ್ಲ. ಆದರೂ ಯಾರೋ ಮೊಬೈಲಿನಲ್ಲಿ ಹದಿನೈದು ಸೆಕೆಂಡು ಕತ್ತರಿಸಿ ಹರಿಯಬಿಟ್ಟರೆ ಸಂದರ್ಭ ಉಳಿಯುವುದಿಲ್ಲ, ಹಾಗಾಗಿ ರೆಕಾರ್ಡಿಂಗ್ ಬೇಡ.

ಉಳಿದ 25 ನಿಮಿಷ: ಒಂದು ನಿಜ ಪ್ರಕರಣ, ಮತ್ತೆ ಚೀಟಿ

ಮಡೆ ಸ್ನಾನ ತೆಗೆದುಕೊಳ್ಳಿ. ಬ್ರಾಹ್ಮಣರು ಉಂಡೆದ್ದ ಎಂಜಲೆಲೆಗಳ ಮೇಲೆ ಭಕ್ತರು ಹರಕೆ ಹೊತ್ತು ಉರುಳುವ ಪದ್ಧತಿ. ಕರ್ನಾಟಕ 2017ರಲ್ಲಿ ಮಾಡಿದ ಅಮಾನವೀಯ ಆಚರಣೆ ಮತ್ತು ವಾಮಾಚಾರ ತಡೆ ಕಾಯ್ದೆ ಇಂಥ ಉರುಳುಸೇವೆಗೆ ಅನುವು ಮಾಡಿಕೊಡುವುದನ್ನು ಮಾನವ ಘನತೆಗೆ ಕುಂದು ಎಂದು ನಿಷೇಧಿಸಿತು. ‘ಯಾರೂ ಬಲವಂತ ಮಾಡಿಲ್ಲ, ನಾನೇ ಹರಕೆ ಹೊತ್ತೆ’ ಎಂಬುದು ಭಕ್ತರ ಉತ್ತರ.

ಮೇಲ್ನೋಟಕ್ಕೆ ಇದು ಮತಕ್ಕೂ ಬುದ್ಧಿಗೂ ನಡುವಿನ ಜಗಳ. ಹತ್ತಿರ ಹೋದರೆ ಘನತೆ, ಸ್ವಇಚ್ಛೆ ಎರಡೂ ಬುದ್ಧಿಯ ಕಡೆಯವರು ಬಳಸುವ ಮಾತುಗಳೇ. ಅವೆರಡೇ ಇಲ್ಲಿ ಕೈಕೈ ಮಿಲಾಯಿಸಿವೆ. ವಿರೋಧಿಸಿದವರಲ್ಲೂ ಮಠಾಧೀಶರಿದ್ದರು. ಈಗ ಸಂದರ್ಭದಲ್ಲಿ ಒಂದೇ ಒಂದು ಅಂಶ ಬದಲಿಸುತ್ತ ಹೋಗಿ, ಪ್ರತಿ ಸಲ ‘ಇದು ತಪ್ಪು’ ಎನ್ನುವವರಿಂದ ಕೈಯೆತ್ತಿಸಿ. ಎಂಜಲೆಲೆಯ ಬದಲು ದೇವರ ನೈವೇದ್ಯ ಬಡಿಸಿದ ಎಲೆಯಾದರೆ? (ಎಡೆ ಸ್ನಾನ ಎಂದು ಇದನ್ನೇ ಪರ್ಯಾಯವಾಗಿ ತಂದಿದ್ದರು.) ಎಲ್ಲ ಜಾತಿಯವರೂ ಒಂದೇ ಪಂಕ್ತಿಯಲ್ಲಿ ಉಂಡ ಎಲೆಯಾದರೆ? ಉರುಳುವವರು ಉಂಡವರ ಜಾತಿಯವರೇ ಆದರೆ? ಎಲೆಯೇ ಇಲ್ಲದೆ ಬರೀ ನೆಲದ ಮೇಲಿನ ಉರುಳುಸೇವೆಯಾದರೆ? ಯಾವ ಬದಲಾವಣೆಗೆ ಯಾರ ಕೈ ಇಳಿಯಿತೋ, ಅವರ ಆಕ್ಷೇಪ ನಿಜಕ್ಕೂ ಇದ್ದದ್ದು ಅಲ್ಲಿ. ಕೊಳಕು ಎಂದು ವಾದಿಸುತ್ತಿದ್ದವರಿಗೆ ತಮ್ಮ ತಕರಾರು ಮೇಲುಕೀಳಿನದು ಎಂದು ಗೊತ್ತಾಗುವುದುಂಟು. ಇದಕ್ಕೆ ತಿರುವುಮುರುವಾಗಿಯೂ ಆಗುತ್ತದೆ.

ಕೊನೆಯ ಐದು ನಿಮಿಷ ಎರಡನೆಯ ಚೀಟಿ ಕೊಡಿ. ಮೊದಲು ಬರೆದ ಅದೇ ಕೆಲಸ, ಅದೇ ‘ಏಕೆಂದರೆ’. ಗುರುತೂ ಅದೇ ಇರಲಿ. ಬರೆದು ಮುಗಿದ ಮೇಲೆ ಮೊದಲ ಚೀಟಿಗಳನ್ನು ವಾಪಸ್ ಕೊಟ್ಟು, ಎರಡನ್ನೂ ಅವರವರೇ ಹೋಲಿಸಿಕೊಳ್ಳಲಿ. ಗಟ್ಟಿಯಾಗಿ ಓದಿಸಬೇಡಿ, ಎಷ್ಟು ಜನ ಕಾರಣ ಬದಲಿಸಿದರು ಎಂದು ಕೈಯೆತ್ತಿಸಿದರೆ ಸಾಕು. ತಪ್ಪು ಎಂದ ಕೆಲಸ ಬದಲಾಗುವುದು ಅಪರೂಪ, ‘ಏಕೆಂದರೆ’ಯ ಮುಂದಿನದು ಬದಲಾಗುತ್ತದೆ. ಅಷ್ಟರಲ್ಲಿ ಯಾರಾದರೂ ‘ಪ್ರಾಣಿಬಲಿ ಬಗ್ಗೆ ಏನು?’ ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕೆ 1959ರದೇ ಬೇರೆ ಕಾಯ್ದೆ ಇದೆ, ಅಡುಗೆಮನೆಯ ಮಾಂಸದ ಪ್ರಶ್ನೆ ಇದೆ, ಜಾತಿಯ ಪ್ರಶ್ನೆ ಇದೆ. ಉಳಿದ ಐದು ನಿಮಿಷಕ್ಕೆ ಅದನ್ನು ತುರುಕಬೇಡಿ, ಇನ್ನೊಂದು ದಿನ ಗೊತ್ತುಮಾಡಿ.